ಹೊಡೆದ ಕೈ ವಾಪಸ್ ಬರಬೇಕು

ನವೆಂಬರ್ ಕೊನೆಯ ವಾರ. ಬಾಕ್ಸಿಂಗ್ ತಾಲೀಮಿನಲ್ಲಿ ಇಬ್ಬರು ಎದುರುಬದುರು ನಿಂತು ಹೊಡೆದಾಡಿ ಕಲಿಯುವುದಕ್ಕೆ ಸ್ಪಾರಿಂಗ್ ಅಂತಾರೆ. ಸ್ಪಾರಿಂಗ್‌ನ ಎರಡನೇ ರೌಂಡ್ ನಡೆದಿತ್ತು. ಎದುರಿಗಿದ್ದ ಹುಡುಗಿ ನನಗಿಂತ ಗಿಡ್ಡ, ಆದರೆ ಬಲು ಚುರುಕು. ಎಡಗೈಯಿಂದ ಒಂದು ಜ್ಯಾಬ್, ಅಂದರೆ ಚುರುಕಾದ ನೇರ ಏಟು, ಹಾಕಿ, ಅದರ ಬೆನ್ನಿಗೇ ಬಲಗೈ ಬಿಟ್ಟೆ. ಮೈಯಲ್ಲಿದ್ದ ಜೋರೆಲ್ಲ ಹಾಕಿ ಬಿಟ್ಟೆ. ಅವಳು ತಲೆ ಸರಿಸಿದಳು. ನನ್ನ ಕೈಗೆ ಸಿಕ್ಕಿದ್ದು ಬರೀ ಗಾಳಿ. ಭುಜದ ಒಳಗೆ ‘ಚರ್’ ಅಂತು. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಥಾನಿನಿಂದ ಅರಿವೆ ಹರಿಯುವ ಸದ್ದು ದಿನಾ ಕೇಳಿ ಗೊತ್ತು. ಅದೇ ಸದ್ದು, ನನ್ನ ಮೈಯೊಳಗೆ.

ಗ್ಲೌಸ್ ಬಿಚ್ಚೋಣ ಅಂದರೆ ಕೈ ಏಳಲಿಲ್ಲ. ಬಾಕ್ಸಿಂಗ್ ಕಲಿಸುವ ಸರ್ ಬಂದು ತಾವೇ ಬಿಚ್ಚಿದರು. “ಹೊಡದ ಕೈ ವಾಪಸ್ ಬರಬೇಕು ಅಂತ ಎಷ್ಟ ಸಲ ಹೇಳೇನಿ ತಂಗಿ” ಅಂದರು. ಎರಡು ವರ್ಷದಿಂದ ದಿನಕ್ಕೆ ಹತ್ತಿಪ್ಪತ್ತು ಸಲ ಕೇಳಿದ ಮಾತು ಅದು. ಗಾರ್ಡ್ ಬಗ್ಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಕೈ ಕೆನ್ನೆ ಹತ್ತಿರ ಬರದಿದ್ದರೆ ಎದುರಿನವರು ಬಾರಿಸುತ್ತಾರೆ, ಅದಕ್ಕೆ ಹೇಳುತ್ತಾರೆ ಅಂತ. ಅದರಲ್ಲಿ ಇನ್ನೂ ಒಂದು ಅರ್ಥ ಇದೆ ಅಂತ ಪೂರ್ತಿ ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು.

ನಮ್ಮ ವಿಜಯಪುರದಲ್ಲಿ ಆಟ ಅಂದರೆ ಮೊದಲು ಸೈಕಲ್, ಆಮೇಲೆ ಕುಸ್ತಿ. ಬಾಕ್ಸಿಂಗ್ ಕಲಿಯುವವರು ಕಮ್ಮಿ, ಅದರಲ್ಲೂ ಹುಡುಗಿಯರು ಬೆರಳೆಣಿಕೆ. ತಗಡಿನ ಶೆಡ್ಡು, ಹೊಡೆದು ಕಲಿಯಲು ತೂಗುಹಾಕಿದ ಎರಡು ಬ್ಯಾಗು, ನೆಲಕ್ಕೆ ಹಾಸಿದ ಹಳೇ ಮ್ಯಾಟು. ಸರ್ ಮಿಲಿಟರಿಯಲ್ಲಿದ್ದು ಬಂದವರು. ನಾನು ಹಗಲು ಗಾಂಧಿ ಚೌಕ್ ಹತ್ತಿರದ ಅಂಗಡಿಯಲ್ಲಿ ಸೀರೆ ತೋರಿಸುತ್ತೇನೆ, ಸಂಜೆ ಶೆಡ್ಡಿಗೆ ಹೋಗುತ್ತೇನೆ. ಆ ಒಂದೂವರೆ ತಾಸು ನನ್ನದು. ಅದನ್ನು ಕಳೆದುಕೊಳ್ಳುತ್ತೇನಾ ಅನ್ನೋ ಹೆದರಿಕೆ ಭುಜದ ನೋವಿಗಿಂತ ಜಾಸ್ತಿ ಇತ್ತು.

ಅಪ್ಪ ಟಂಟಂ ಆಟೋ ಓಡಿಸುತ್ತಾರೆ. ಅವತ್ತು ಅದರಲ್ಲೇ ಮನೆಗೆ ಕರೆದುಕೊಂಡು ಬಂದರು. ದಾರಿಯಲ್ಲಿನ ಒಂದೊಂದು ತಗ್ಗೂ ನನ್ನ ಭುಜಕ್ಕೆ ಗೊತ್ತಾಯಿತು. ರಾತ್ರಿ ಬಲ ಮಗ್ಗುಲಿಗೆ ಹೊರಳಲು ಆಗಲಿಲ್ಲ. ಎಡಕ್ಕೆ ಹೊರಳಿದರೆ ಕೈ ಎದೆಯ ಮೇಲೆ ಬಿದ್ದು ಇನ್ನೂ ನೋವು. ಗೋಡೆಗೆ ದಿಂಬು ಇಟ್ಟು ಕೂತೇ ಬೆಳಗು ಮಾಡಿದೆ.

ಮರುದಿನ ಒಂದು ತಪ್ಪು ಮಾಡಿದೆವು. ಸಂಬಂಧಿಕರೊಬ್ಬರ ಮಾತು ಕೇಳಿ ಎಲುಬು ಕೂಡಿಸುವವರ ಹತ್ತಿರ ಹೋದೆವು. ಅವರು ಎಣ್ಣೆ ಹಚ್ಚಿ ತಿಕ್ಕಿದರು, ಕಂಕುಳಲ್ಲಿ ಕಾಲಿಟ್ಟು ಕೈ ಎಳೆದರು. ಕೀಲು ಜಾರಿದೆ, ಕೂಡಿಸಿದೆ ಅಂದರು. ನನ್ನದು ಜಾರಿರಲೇ ಇಲ್ಲ. ಹರಿದದ್ದನ್ನು ಹಿಡಿದು ಎಳೆದರೆ ಏನಾಗುತ್ತದೆ? ಆ ರಾತ್ರಿ ಊಟದ ತಾಟು ಹಿಡಿಯಲೂ ಕೈ ಬರಲಿಲ್ಲ. ಎರಡೂ ಕಡೆ ಒಳ್ಳೇ ಮನಸ್ಸಿತ್ತು, ನಾನು ಯಾರನ್ನೂ ದೂರುವುದಿಲ್ಲ. ಆದರೆ ಓದುವವರಿಗೆ ಕೈ ಮುಗಿದು ಹೇಳುತ್ತೇನೆ: ಒಳಗೆ ಏನಾಗಿದೆ ಅಂತ ನೋಡದೆ ಯಾರ ಕೈಗೂ ಭುಜ ಕೊಡಬೇಡಿ.

ವಾರದ ಮೇಲೆ ಎಲುಬಿನ ಡಾಕ್ಟರ್ ಹತ್ತಿರ ಹೋದೆವು. ಎಕ್ಸ್-ರೇನಲ್ಲಿ ಏನೂ ಇರಲಿಲ್ಲ. ಎಲುಬು ಬಿಟ್ಟರೆ ಉಳಿದದ್ದು ಅದರಲ್ಲಿ ಕಾಣುವುದು ಕಮ್ಮಿ. ಭುಜದ ಕೀಲನ್ನು ಸುತ್ತ ಹಿಡಿದಿರುವ ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಅಂತಾರೆ. ಎಂಆರ್‌ಐ ಮಾಡಿಸಿದ ಮೇಲೆ ಗೊತ್ತಾಯಿತು: ರೊಟೇಟರ್ ಕಫ್‌ನ ಮೇಲಿನ ಸ್ನಾಯು, ಸುಪ್ರಾಸ್ಪೈನೇಟಸ್ ಅಂತಾರೆ, ಅದನ್ನು ಎಲುಬಿಗೆ ಕಟ್ಟಿರುವ ಹಗ್ಗದಂಥ ಟೆಂಡನ್ ಅರ್ಧ ಹರಿದಿದೆ. ಪೂರ್ತಿ ಹರಿದಿರಲಿಲ್ಲ. ಆಪರೇಶನ್ ಬೇಡ, ಫಿಸಿಯೋಥೆರಪಿ ಮಾಡಿ ನೋಡೋಣ ಅಂದರು.

ಫಿಸಿಯೋ ಮೇಡಂ ಮೊದಲ ದಿನವೇ ಅರ್ಧ ತಾಸು ಕೂರಿಸಿಕೊಂಡು ಹೇಳಿದರು. ಶಾಲೆಯಲ್ಲಿ ಲಿಂಬು-ಚಮಚ ಓಟ ಓಡಿದ್ದೀರಲ್ಲ, ಭುಜದ ಕೀಲು ಹಾಗೇ ಇದೆ ಅಂದರು. ರಟ್ಟೆ ಎಲುಬಿನ ತಲೆ ಇಂಡಿ ತಾಲೂಕಿನ ಲಿಂಬೆಹಣ್ಣಿನ ಹಾಗೆ ದೊಡ್ಡದು, ಅದು ಕೂರುವ ಬಟ್ಟಲು ಚಮಚದಷ್ಟೇ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತದೆ, ಅದಕ್ಕೇ ಬೇಗ ಕೆಡುತ್ತದೆ. ಆ ಲಿಂಬೆ ಬೀಳದಂತೆ ಸುತ್ತಲೂ ಹಿಡಿದಿರುವುದು ನಾಲ್ಕು ಸಣ್ಣ ಸ್ನಾಯು. ಪಂಚ್ ಬಿಟ್ಟಾಗ ಮುಂದೆ ನೂಕುವುದು ಕಾಲು, ಸೊಂಟ, ಎದೆ. ಹೋದ ಕೈಯನ್ನು ತಡೆದು ನಿಲ್ಲಿಸುವುದು ಭುಜದ ಹಿಂದಿನ ಈ ಸಣ್ಣ ಸ್ನಾಯುಗಳು. ಬ್ಯಾಗಿಗೋ ಎದುರಿನವರಿಗೋ ಏಟು ತಾಗಿದರೆ ಆ ಜೋರು ಅಲ್ಲೇ ಇಳಿದುಹೋಗುತ್ತದೆ. ತಪ್ಪಿದರೆ? ಅಷ್ಟೂ ಜೋರನ್ನು ಇವೇ ತಡೆಯಬೇಕು. “ನಿಮ್ಮ ಗಾಡಿ ಇಂಜಿನ್ ಚಲೋ ಐತ್ರಿ, ಬ್ರೇಕ್ ಸಣ್ಣದ ಐತಿ” ಅಂದರು. ಸರ್ ಮಾತು ಆಗ ಮೊದಲ ಸಲ ನನಗೆ ಬೇರೆ ಥರ ಕೇಳಿಸಿತು. ಕೈ ವಾಪಸ್ ತರುವುದು ಅಂದರೆ ಬ್ರೇಕ್ ಹಾಕುವುದು.

“ಹಂಗಾದ್ರ ಬಾಕ್ಸಿಂಗ್ ಬಿಡಬೇಕೇನ್ರಿ?” ಅಂತ ಕೇಳಿದೆ. ಕೇಳುವಾಗ ಗಂಟಲು ಕಟ್ಟಿತು.

“ರಜಾ ಕೊಟ್ಟಿದ್ದು ಭುಜಕ್ಕ. ನಿಮಗ ಯಾರ ಕೊಟ್ಟಾರ?”

ಆ ಮಾತಿನ ಮೇಲೆಯೇ ನಾನು ಆರು ತಿಂಗಳು ನಿಂತೆ.

ಮೊದಲ ಎರಡು ವಾರ ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಹಾಕಿಕೊಂಡಿದ್ದೆ. ಆದರೆ ಇಡೀ ದಿನ ಅಲ್ಲ. ಜಾಸ್ತಿ ದಿನ ಅಲ್ಲಾಡಿಸದೆ ಇಟ್ಟರೆ ಭುಜ ಬಿಗಿದು ಕೂರುತ್ತದೆ, ಆಮೇಲೆ ಬಿಡಿಸುವುದು ಇನ್ನೂ ಕಷ್ಟ. ದಿನಕ್ಕೆ ನಾಲ್ಕು ಸಲ ಎಡಗೈ ಮೇಜಿನ ಮೇಲೆ ಊರಿ, ಬಗ್ಗಿ, ಬಲಗೈ ಸುಮ್ನೆ ಇಳಿಬಿಟ್ಟು ತೊಟ್ಟಿಲು ತೂಗಿದ ಹಾಗೆ ತೂಗಬೇಕು. ಕೈ ಆಡಿಸಬಾರದು, ಮೈ ಆಡಿಸಿದರೆ ಕೈ ತಾನಾಗಿ ಆಡಬೇಕು. ಅಂಗಡಿಯ ಧಣಿ ನನ್ನನ್ನು ಬಿಲ್ಲಿಗೆ ಕೂರಿಸಿದರು. ಮೇಲಿನ ಖಾನೆಯಿಂದ ಇಳಕಲ್ ಸೀರೆ ಇಳಿಸುವ ಕೆಲಸ ಇನ್ನೊಬ್ಬಳಿಗೆ ಹೋಯಿತು.

ಬೆಳಿಗ್ಗೆ ಅವ್ವ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಹತ್ತನೇ ಇಯತ್ತೆ ಆದಮೇಲೆ ನನ್ನ ಜಡೆ ನಾನೇ ಹಾಕಿಕೊಂಡವಳು. ಅವಳ ಮುಂದೆ ನೆಲದ ಮೇಲೆ ಕೂತು, ಅವಳ ಮೊಣಕಾಲಿಗೆ ಎಡಭುಜ ಆನಿಸಿ ಕೂರುವುದು. ಮೂರು ಕಾಲು ಮಾಡಿ, ಎಣ್ಣೆಗೈಯಿಂದ ಬಿಗಿಯಾಗಿ ಹೆಣೆದು, ತುದಿಗೆ ರಬ್ಬರ್ ಸುತ್ತುವಾಗ ಅವಳು ಒಂದು ಸಲ ಜಡೆ ಜಗ್ಗಿ ನೋಡುತ್ತಿದ್ದಳು, ಗಟ್ಟಿ ಇದೆಯೋ ಇಲ್ಲವೋ ಅಂತ. ಓಣಿಯವರು “ಹುಡುಗಿಗೆ ಯಾಕ ಬೇಕಿತ್ತು ಇದು” ಅಂದಾಗಲೂ ಅವಳು ನನಗೆ ಬಿಡು ಅಂತ ಒಮ್ಮೆಯೂ ಅನ್ನಲಿಲ್ಲ.

ಮೂರನೇ ವಾರಕ್ಕೆ ಶೆಡ್ಡಿಗೆ ಹೋದೆ. ಸರ್ ಕಂಬದಿಂದ ಕಂಬಕ್ಕೆ, ನನ್ನ ಕುತ್ತಿಗೆ ಎತ್ತರಕ್ಕೆ ಒಂದು ಹಗ್ಗ ಕಟ್ಟಿದ್ದರು. ಅದರ ಕೆಳಗೆ ಮೊಣಕಾಲು ಬಗ್ಗಿಸಿ ಆ ಕಡೆ ಈ ಕಡೆ ನುಸುಳುತ್ತ ಮುಂದೆ ಹೋಗಬೇಕು, ಹಿಂದೆ ಬರಬೇಕು. ಮೂರು ನಿಮಿಷ ರೌಂಡ್, ಒಂದು ನಿಮಿಷ ಬಿಡುವು, ಥೇಟ್ ಪಂದ್ಯದ ಹಾಗೆ. ಬಲಗೈ ಎದೆಗೆ ಆನಿಸಿ ಓಢಣಿಯಿಂದ ಸಡಿಲಾಗಿ ಕಟ್ಟಿರುತ್ತಿದ್ದೆ. ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ನನ್ನ ಕಾಲು ಹುಸಿ. ಕೈ ಜೋರಿದೆ ಅಂತ ಇಷ್ಟು ದಿನ ಕಾಲಿನ ಕೆಲಸವನ್ನೂ ಕೈಯಿಂದಲೇ ಮಾಡಿಸಿದ್ದೆ. ದೂರ ಇದ್ದರೆ ಹೆಜ್ಜೆ ಇಡಬೇಕು, ನಾನು ಭುಜ ಚಾಚುತ್ತಿದ್ದೆ. ಅವತ್ತು ಆ ಹುಡುಗಿ ತಲೆ ಸರಿಸಿದಾಗಲೂ ಅಷ್ಟೇ. ಹಿಂದಿನ ಕಾಲು ಎದ್ದು ಮೈ ಮುಂದೆ ಬಿದ್ದಿತ್ತು. ಕೈ ವಾಪಸ್ ಬರುವುದು ಎಲ್ಲಿಂದ?

ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ಅದರ ಮೇಲೆ ಹೆಜ್ಜೆ ಹಾಕಿಸಿದರು. ಮುಂದಿನ ಕಾಲು ಮೊದಲು, ಹಿಂದಿನದು ಜರುಗಿ ಬರಬೇಕು, ಎರಡೂ ಕೂಡಬಾರದು. ಆಮೇಲೆ ಬರೀ ಎಡಗೈ: ಜ್ಯಾಬ್, ಪಕ್ಕದಿಂದ ಬೀಸುವ ಹುಕ್, ಕೆಳಗಿನಿಂದ ಮೇಲೆ ಬಿಡುವ ಅಪ್ಪರ್‌ಕಟ್. ಎಡಗೈಗೂ ಮೂರೇ ರೌಂಡ್, ಜಾಸ್ತಿ ಇಲ್ಲ. ಒಂದು ಭುಜ ಉಳಿಸಲು ಹೋಗಿ ಇನ್ನೊಂದನ್ನು ಕೆಡಿಸಿಕೊಂಡವರನ್ನು ಸರ್ ನೋಡಿದ್ದಾರೆ. ಎಡಗೈ ತಾಲೀಮಿನಿಂದ ಬಲಗೈಗೂ ಲಾಭ ಇದೆ ಅಂತ ಮೇಡಂ ಹೇಳಿದ್ದು ನನಗೆ ಬಹಳ ಧೈರ್ಯ ಕೊಟ್ಟಿತು. ಒಂದು ಕಡೆ ದುಡಿಸಿದರೆ ಸುಮ್ಮನಿರುವ ಕಡೆಯ ಶಕ್ತಿ ಅಷ್ಟು ಬೇಗ ಇಳಿಯುವುದಿಲ್ಲವಂತೆ. ಮಿದುಳು ಕಳಿಸುವ ಅಪ್ಪಣೆ ಎರಡೂ ಕಡೆ ತಟ್ಟುತ್ತದೆ.

ದಮ್ಮು ಉಳಿಸಿಕೊಳ್ಳಲು ಸೈಕಲ್ಲಿನವರು ನೆರವಾದರು. ಸೈಕ್ಲಿಸ್ಟುಗಳಿಗೆ ಬಿದ್ದು ಕೊರಳ ಹತ್ತಿರದ ಎಲುಬು ಮುರಿಯುವುದು ಹೊಸದಲ್ಲ. ನನ್ನ ಗೆಳತಿಗೂ ಒಮ್ಮೆ ಆಗಿತ್ತು. “ಕಾಲ ಗಟ್ಟಿ ಅದಾವಲ್ಲ, ಮತ್ಯಾಕ ಕುಂತಿ?” ಅಂತ ಬೈದು ತನ್ನ ಟ್ರೇನರ್ ಸ್ಟ್ಯಾಂಡ್ ತಂದುಕೊಟ್ಟಳು. ಸೈಕಲ್ಲಿನ ಹಿಂದಿನ ಗಾಲಿಯನ್ನು ಅದರಲ್ಲಿ ಸಿಕ್ಕಿಸಿದರೆ ನಿಂತಲ್ಲೇ ತುಳಿಯಬಹುದು, ಬೀಳುವ ಹೆದರಿಕೆ ಇಲ್ಲ, ಒಂದೇ ಕೈ ಸಾಕು. ಮೂರು ನಿಮಿಷ ಜೋರು, ಒಂದು ನಿಮಿಷ ಮೆಲ್ಲಗೆ, ಆರು ಸಲ. ಓಟ ಆಗ ಬೇಡ ಅಂದಿದ್ದರು, ಕುಲುಕಿದರೆ ಭುಜ ಎಳೆಯುತ್ತದೆ. ಹಗ್ಗ ಜಿಗಿಯುವುದೂ ಬೇಡ. ಭಾನುವಾರ ಉಪ್ಪಲಿ ಬುರುಜಿನ ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಅಲ್ಲಿರುವ ಉದ್ದನೆಯ ಫಿರಂಗಿಯ ಪಕ್ಕ ನಿಂತು ಉಸಿರು ಸುಧಾರಿಸಿಕೊಂಡು, ಎಡಗೈ ಗೋಡೆಗೆ ಹಿಡಿದು ಮೆಲ್ಲಗೆ ಇಳಿಯುವುದು.

ಮೇಡಂ ಇನ್ನೊಂದು ಕೆಲಸ ಕೊಟ್ಟಿದ್ದರು. ನೋವಿಗೆ ಹತ್ತರಲ್ಲಿ ಎಷ್ಟು ಅಂತ ದಿನಾ ಬರೆಯುವುದು. ಮಾಡುವಾಗ ಎರಡು-ಮೂರರವರೆಗೆ ಇದ್ದರೆ ನಡೆಯುತ್ತದೆ, ಆದರೆ ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿದಿಲ್ಲ ಅಂದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು ಅಂತ ಅರ್ಥ. ಅಂಗಡಿಯ ಹಳೇ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆಯಲು ಶುರು ಮಾಡಿದೆ. ಇಡೀ ಆರು ತಿಂಗಳಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ ಪುಸ್ತಕ.

ಸಂಕ್ರಾಂತಿಗೆ ಸಿದ್ದೇಶ್ವರ ಜಾತ್ರೆ ಬಂತು. ಏಳು ವಾರ ಆಗಿತ್ತು, ಬೆಳಗಿನ ನೋವು ಒಂದಕ್ಕೆ ಇಳಿದಿತ್ತು. ಭಾರ ಎತ್ತುವ ಸ್ಪರ್ಧೆ ನೋಡಲು ಹೋದೆ. ಒಬ್ಬ ತೆಳ್ಳನೆಯ ಹುಡುಗ ಸಂಗ್ರಾಣಿ ಕಲ್ಲನ್ನು ಮೊದಲು ತೊಡೆಗೆ ತಂದ, ಒಂದು ಕ್ಷಣ ತಡೆದ, ಆಮೇಲೆ ಮೈಯನ್ನೇ ಅದರ ಕೆಳಗೆ ತೂರಿಸಿ ಹೆಗಲಿಗೆ ಏರಿಸಿದ. ಜನ ಸಿಳ್ಳೆ ಹಾಕಿದರು. ನನ್ನ ಮೈಯಲ್ಲಿ ರಕ್ತ ಕುದಿಯಿತು. ಮರುದಿನ ಸಂಜೆ ಸರ್ ಬರುವ ಮೊದಲೇ ಶೆಡ್ಡಿಗೆ ಹೋಗಿ ಬಲಗೈಗೆ ಪಟ್ಟಿ ಸುತ್ತಿ ಬ್ಯಾಗಿಗೆ ಹೊಡೆದೆ. ಹತ್ತು ಏಟು ಚೆನ್ನಾಗಿತ್ತು. ಏನೂ ನೋವಿಲ್ಲ ಅಂತ ಖುಷಿಯಾಗಿ ಇನ್ನೂ ಹತ್ತು ಹೊಡೆದೆ.

ಬೆಳಿಗ್ಗೆ ಬಿಲ್ ಬುಕ್ಕಿನಲ್ಲಿ ಬರೆದದ್ದು ಆರು. ಹಲ್ಲುಜ್ಜಲೂ ಎಡಗೈ. ಎರಡು ವಾರ ಹಿಂದಕ್ಕೆ ಹೋದೆ. ಸರ್‌ಗೆ ನಾನೇ ಹೋಗಿ ಹೇಳಿದೆ, ಅತ್ತುಬಿಟ್ಟೆ. ಅವರು ಬಾಕ್ಸರ್ ನಿಖತ್ ಝರೀನ್ ಕಥೆ ಹೇಳಿದರು. ನಮ್ಮ ಪಕ್ಕದ ತೆಲಂಗಾಣದ ನಿಜಾಮಾಬಾದಿನ ಹುಡುಗಿ. 2017ರಲ್ಲಿ ಭುಜಕ್ಕೆ ಗಾಯವಾಗಿ ಹೆಚ್ಚುಕಮ್ಮಿ ಒಂದು ವರ್ಷ ರಿಂಗಿನಿಂದ ಹೊರಗೆ ಉಳಿದಳು. 2022ರಲ್ಲಿ ಇಸ್ತಾಂಬುಲ್‌ನಲ್ಲಿ 52 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆದಳು, 2023ರಲ್ಲಿ ದೆಹಲಿಯಲ್ಲಿ 50 ಕೆಜಿಯಲ್ಲಿ ಮತ್ತೆ ಗೆದ್ದಳು. “ಆಕಿಗೇ ಒಂದ ವರ್ಷ ಹಿಡೀತು. ನಿನಗ ಏಳ ವಾರದಾಗ ಆಗಬೇಕೇನು?” ಅಂದರು. ಅವತ್ತಿನಿಂದ ನಾನು ಕದ್ದು ಬ್ಯಾಗ್ ಮುಟ್ಟಲಿಲ್ಲ.

ಫೆಬ್ರವರಿಯಿಂದ ರಬ್ಬರ್ ಪಟ್ಟಿಯ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಬ್ರೇಕ್ ಕಟ್ಟಿದ್ದು ಇದೇ. ಪಟ್ಟಿಯ ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ಬಲಗೈಯಲ್ಲಿ. ಮೊಣಕೈ ಪಕ್ಕೆಗೆ ಅಂಟಿರಬೇಕು, ಮಧ್ಯೆ ಒಂದು ಟವೆಲ್ ಸುರುಳಿ. ಟವೆಲ್ ಬಿದ್ದರೆ ತಪ್ಪು ಮಾಡುತ್ತಿದ್ದೀ ಅಂತ. ಮೊಣಕೈ ಮಡಚಿ ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಗೆ ತೆರೆಯುವುದು. ಆಮೇಲೆ ಪಟ್ಟಿ ಎಳೆದ ಕಡೆ ಓಡಲು ಬಿಡದೆ, ಮೂರು ಎಣಿಸುತ್ತ ವಾಪಸ್ ತರುವುದು. ಹೊರಗೆ ತೆರೆಯುವುದು ಸುಲಭ. ಮೆಲ್ಲಗೆ ವಾಪಸ್ ತರುವಾಗ ಭುಜದ ಹಿಂದೆ ಉರಿ ಏಳುತ್ತದೆ. ಅಲ್ಲೇ ಇರುವುದು ಕೆಲಸ. ಹದಿನೈದರಂತೆ ಮೂರು ಸಲ. ಹಳದಿ ಪಟ್ಟಿಯಿಂದ ಶುರು, ಮೂರು ವಾರಕ್ಕೆ ಕೆಂಪು, ಆಮೇಲೆ ಹಸಿರು. ಬಣ್ಣ ಬದಲಾದ ಹಾಗೆ ಬಿಗಿ ಜಾಸ್ತಿ. ಬಾಕ್ಸಿಂಗ್‌ಗೆ ಹೋಲಿಸಿದರೆ ಬೇಸರದ ಕೆಲಸ, ನಿಜ. ನಾನು ರೇಡಿಯೋ ಹಚ್ಚಿಕೊಂಡು ಮಾಡುತ್ತಿದ್ದೆ. ಜೊತೆಗೆ ಗೋಡೆಗೆ ಕೈ ಕೊಟ್ಟು ದಂಡ, ಆಮೇಲೆ ಮೇಜಿಗೆ, ಏಪ್ರಿಲ್‌ನಲ್ಲಿ ನೆಲಕ್ಕೆ. ಪ್ರತಿ ದಂಡದ ಕೊನೆಗೆ ಬೆನ್ನಿನ ಎರಡೂ ಹಲಗೆ ಅಗಲವಾಗುವ ಹಾಗೆ ಇನ್ನೊಂದಿಷ್ಟು ನೂಕಬೇಕು.

ಮೇಡಂ ಒಂದು ದಿನ “ರೊಟ್ಟಿ ಬಡೀತೀರೇನ್ರಿ?” ಅಂತ ಕೇಳಿದರು. ಭುಜದ ಎತ್ತರದ ಕೆಳಗೇ ಆಗುವ ಹಗುರ ಕೆಲಸ, ಶುರು ಮಾಡಿ ಅಂದರು. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಕೊಮ್ಮೆಯ ಮುಂದೆ ಜಾಗ ಬಿಟ್ಟುಕೊಟ್ಟಳು. ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ಅಂಗೈಯಿಂದ ಬಡಿಯುತ್ತ ತಿರುಗಿಸುವುದು. ಮೊದಲ ದಿನ ನಾಲ್ಕೇ ರೊಟ್ಟಿ. ಬಡಿದ ಕೈ ಹಿಟ್ಟಿನ ಮೇಲೆ ನಿಲ್ಲುವುದಿಲ್ಲ, ತಟ್ಟಿದ ಕೂಡಲೇ ಏಳುತ್ತದೆ. ನಿಂತರೆ ರೊಟ್ಟಿ ಅಂಟುತ್ತದೆ, ಹರಿಯುತ್ತದೆ. ಅವ್ವನ ಕೈ ನೋಡುತ್ತ ಕೂತೆ. ಮೂವತ್ತು ವರ್ಷದಿಂದ ಅವಳ ಕೈ ಹೋದಷ್ಟೇ ಚುರುಕಾಗಿ ವಾಪಸ್ ಬರುತ್ತಿದೆ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಮಾರ್ಚ್ ಎರಡನೇ ವಾರ ನನ್ನ ಜಡೆ ನಾನೇ ಹಾಕಿಕೊಂಡೆ. ಸೊಟ್ಟ ಬಂತು. “ನನ್ನ ಕೆಲಸ ಕಸಗೊಂಡಿ ಹೌದಿಲ್ಲೋ” ಅಂದಳು ಅವ್ವ, ಬಿಚ್ಚಿ ಮತ್ತೆ ಹಾಕಿದಳು.

ಅದೇ ತಿಂಗಳು ಬಲಗೈ ಶ್ಯಾಡೋಗೆ, ಅಂದರೆ ಎದುರಿಗೆ ಯಾರೂ ಇಲ್ಲದೆ ಗಾಳಿಯಲ್ಲಿ ಪಂಚ್ ಬಿಡುವುದಕ್ಕೆ, ಒಪ್ಪಿಗೆ ಸಿಕ್ಕಿತು. ನೀರಿನಲ್ಲಿ ಆಡಿಸಿದ ಹಾಗೆ ಮೆಲ್ಲಗೆ. ಹಿಂದಿನ ಹಿಮ್ಮಡಿ ತಿರುಗಬೇಕು, ಸೊಂಟ ತಿರುಗಬೇಕು, ಆಮೇಲೆ ಕೈ. ಕೈ ಪೂರ್ತಿ ಚಾಚುವ ಮೊದಲೇ ವಾಪಸ್. ಬರೀ ನೇರ ಪಂಚ್. ಹುಕ್ ಬಂದದ್ದು ಏಪ್ರಿಲ್ ಕೊನೆಗೆ. ಬ್ಯಾಗಿಗೆ ಮೊದಲು ಅರ್ಧಕ್ಕಿಂತ ಕಮ್ಮಿ ಜೋರು, ವಾರದಲ್ಲಿ ಎರಡೇ ದಿನ, ನಡುವೆ ಎರಡು ದಿನ ಬಿಡುವು. ತಗಡಿನ ಶೆಡ್ಡು ಆಗ ಒಲೆಯ ಹಾಗೆ ಕಾಯುತ್ತಿತ್ತು, ಹಾಗಾಗಿ ಬೆಳಿಗ್ಗೆ ಐದೂವರೆಗೇ ಹೋಗುತ್ತಿದ್ದೆವು. ಭುಜ ಬೆಚ್ಚಗಾಗದೆ ಗ್ಲೌಸ್ ಹಾಕುವಂತಿಲ್ಲ: ಹತ್ತು ನಿಮಿಷ ರಬ್ಬರ್ ಪಟ್ಟಿ, ಆಮೇಲೆ ಕಾಲು, ಆಮೇಲೆ ಕೈ.

ನನ್ನದು ಅರ್ಧ ಹರಿದದ್ದು, ಆಪರೇಶನ್ ಇಲ್ಲದ್ದು. ಭುಜ ಜಾರಿದವರ ದಾರಿ, ಹೊಲಿಗೆ ಹಾಕಿಸಿಕೊಂಡವರ ದಾರಿ ಬೇರೆ. ನನ್ನ ವಾರಗಳ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಬಲಗೈಯ ಶಕ್ತಿ ಎಡಗೈಯ ಹತ್ತಿರತ್ತಿರ, ನೂರಕ್ಕೆ ತೊಂಬತ್ತರಷ್ಟಾದರೂ ಬರುವ ತನಕ ಮೇಡಂ ಸ್ಪಾರಿಂಗ್ ಬೇಡ ಅಂದಿದ್ದರು. ಮೇ ಕೊನೆಗೆ ಅಳೆದು ನೋಡಿ ಹೂಂ ಅಂದರು.

ಸರ್ ಹೂಂ ಅನ್ನಲಿಲ್ಲ. ತಮ್ಮದೂ ಒಂದು ಪರೀಕ್ಷೆ ಇದೆ ಅಂದರು. ಜೂನ್ ಮೊದಲ ವಾರ, ಹಿಂದಿನ ರಾತ್ರಿ ಒಂದು ಮಳೆ ಬಿದ್ದಿತ್ತು. ನಾನು ಹೊಡೆಯಲು ಕೈಗೆ ಪ್ಯಾಡ್ ಹಾಕಿ ಹಿಡಿದು ನಿಂತರು. ಎರಡು ರೌಂಡ್ ಎಲ್ಲ ಸರಿ ಹೋಯಿತು. ಮೂರನೇ ರೌಂಡಿನಲ್ಲಿ ಜ್ಯಾಬ್, ಅದರ ಬೆನ್ನಿಗೆ ಬಲಗೈಯ ನೇರ ಏಟಾದ ಕ್ರಾಸ್ ಅಂದರು. ನನ್ನ ಬಲಗೈ ಹೊರಟಿತು, ಅವರು ಪ್ಯಾಡ್ ಎಳೆದುಕೊಂಡುಬಿಟ್ಟರು. ಮತ್ತೆ ಗಾಳಿ. ಎದೆ ಧಸಕ್ ಅಂತು. ಆದರೆ ಹಿಂದಿನ ಕಾಲು ನೆಲದ ಮೇಲೇ ಇತ್ತು, ಗ್ಲೌಸ್ ನನ್ನ ಕೆನ್ನೆಗೆ ಬಂದು ತಾಗಿತ್ತು. “ಇನ್ನೊಮ್ಮಿ” ಅಂದರು. ಯಾವಾಗ ಎಳೆಯುತ್ತಾರೆ ಅಂತ ಹೇಳದೆ ಅವತ್ತು ಹತ್ತು ಸಲ ಎಳೆದರು.

ಮರುದಿನ ಎದ್ದ ಕೂಡಲೇ ಕೈ ತಲೆಯ ಹಿಂದೆ ಒಯ್ದು ನೋಡಿದೆ, ಬೆನ್ನ ಹಿಂದೆ ಒಯ್ದು ನೋಡಿದೆ. ಬಿಲ್ ಬುಕ್ ತೆಗೆದು ಬರೆದೆ: ‘ತಪ್ಪಿದ ಕ್ರಾಸ್ 10. ಬೆಳಿಗ್ಗೆ ನೋವು 1.’ ಶನಿವಾರ ಸ್ಪಾರಿಂಗ್ ಇದೆ. ಎದುರಿಗೆ ಅದೇ ಗಿಡ್ಡ ಹುಡುಗಿ.